ಅಪ್ಪ ತಿನ್ನದ ಪೇಢಾ

ಕಾಕಾ ಅವತ್ತು ಒಂದು ಕೇಜಿ ಪೇಢಾ ತಂದಿದ್ದ. ಲೈನ್ ಬಜಾರಿನ ಪೇಢಾ. ನಮ್ಮ ಮನೆಗೆ ಅಷ್ಟು ಪೇಢಾ ಬರುವುದು ಯಾರಾದರೂ ಪಾಸಾದಾಗ, ಇಲ್ಲಾ ಯಾರದಾದರೂ ಮದುವೆ ಗೊತ್ತಾದಾಗ. ಅವ್ವ ಡಬ್ಬಿ ನೋಡಿದವಳೇ ಕೇಳಿದಳು, "ಯಾರ್ದರ ಲಗ್ನ ಗೊತ್ತಾತೇನು?"

"ಇಲ್ರಿ ವೈನಿ. ಬಾಗ್ದಾದ್ ಬಿತ್ತು" ಎಂದ ಕಾಕಾ.

2003ರ ಏಪ್ರಿಲ್ 10. ಹಿಂದಿನ ದಿನ ಬಾಗ್ದಾದಿನ ಫಿರ್ದೋಸ್ ಚೌಕದಲ್ಲಿ ಇರಾಕಿನ ಸರ್ವಾಧಿಕಾರಿ ಸದ್ದಾಂ ಹುಸೇನನ ಪ್ರತಿಮೆಯನ್ನು ಅಮೆರಿಕದ ಸೇನೆಯ ವಾಹನ ಎಳೆದು ಕೆಡವಿದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೆವು. ಕಾಕಾ ರಾತ್ರಿಯೆಲ್ಲ ಅದನ್ನೇ ತಿರುಗಿ ತಿರುಗಿ ನೋಡಿದನಂತೆ. ಬೆಳಿಗ್ಗೆ ಹುಬ್ಬಳ್ಳಿಯ ಅಂಗಡಿಗೆ ಬೀಗ ಹಾಕಿ, ಬಸ್ಸು ಹತ್ತಿ, ಧಾರವಾಡಕ್ಕೆ ಅಣ್ಣನ ಮನೆಗೆ ಬಂದಿದ್ದ.

ಅಪ್ಪ ಪೇಪರ್ ಹಿಡಿದು ಕೂತಿದ್ದ. ತಮ್ಮ ಕೊಟ್ಟ ಪೇಢಾವನ್ನು ಬೇಡ ಅನ್ನಲಿಲ್ಲ. ಮನೆಗೆ ಬಂದವರು ಕೊಟ್ಟ ಸಿಹಿ ಬೇಡ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ತೆಗೆದುಕೊಂಡ, ಪಕ್ಕದ ಗೂಡಿನಲ್ಲಿಟ್ಟ, ಮತ್ತೆ ಪೇಪರ್ ಎತ್ತಿಕೊಂಡ. ಸಂಜೆ ಹೊತ್ತಿಗೆ ಆ ಪೇಢಾಕ್ಕೆ ಇರುವೆ ಹತ್ತಿದ್ದವು.

ಇಬ್ಬರೂ ಒಂದೇ ತಾಯಿಯ ಮಕ್ಕಳು. ಮುಳಗುಂದದ ಕಡೆಯ ಎರೆ ಹೊಲದವರು. ಅಪ್ಪ ಓದಿ ಹೈಸ್ಕೂಲಿನಲ್ಲಿ ಇತಿಹಾಸದ ಮಾಸ್ತರ ಆದ. ಕಾಕಾ ಐಟಿಐ ಮಾಡಿ ಫಿಟರ್ ಆದ. 1982ರಲ್ಲಿ ಒಬ್ಬ ಏಜಂಟನ ಕೈಗೆ ದುಡ್ಡು ಕೊಟ್ಟು ಕುವೈತಿಗೆ ಹೋದ. ದುಡ್ಡು ಹುಟ್ಟಿದ್ದು ಅಜ್ಜಿಯ ಬೋರಮಾಳ ಅಡವಿಟ್ಟು. ಎಂಟು ವರ್ಷ ಅಲ್ಲಿ ಏಸಿ ರಿಪೇರಿ ಮಾಡಿದ. ಹಳ್ಳಿಯ ಮನೆಗೆ ಆರ್‌ಸಿಸಿ ಹಾಕಿಸಿದ್ದು, ಇಬ್ಬರು ತಂಗಿಯರ ಮದುವೆ ಮಾಡಿದ್ದು ಆ ದುಡ್ಡಿನಿಂದಲೇ. ಮಾಸ್ತರಿಕೆಯ ಪಗಾರದಲ್ಲಿ ಅಪ್ಪನಿಗೆ ಅದು ಸಾಧ್ಯವಿರಲಿಲ್ಲ. ಈ ಮಾತನ್ನು ಕಾಕಾ ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ. ಅಪ್ಪ ಒಮ್ಮೆಯೂ ಮರೆಯಲಿಲ್ಲ.

1990ರ ಆಗಸ್ಟ್ 2ರಂದು ಇರಾಕಿನ ಸೇನೆ ಕುವೈತಿಗೆ ನುಗ್ಗಿತು. ಬೆಳಿಗ್ಗೆ ಹಾಲು ತರಲು ಹೋದ ಕಾಕಾ ರಸ್ತೆಯಲ್ಲಿ ಟ್ಯಾಂಕ್ ನೋಡಿ ವಾಪಸ್ ಬಂದನಂತೆ. ಈ ಕಥೆಯನ್ನು ನಾನು ಎಷ್ಟು ಸಲ ಕೇಳಿದ್ದೇನೋ. ಮಾಲೀಕ ರಾತ್ರೋರಾತ್ರಿ ಸೌದಿಗೆ ಓಡಿಹೋದ. ಎರಡು ತಿಂಗಳ ಪಗಾರ ಅವನ ಜೊತೆಗೇ ಹೋಯಿತು. ಬ್ಯಾಂಕ್ ಮುಚ್ಚಿತು. ಕೈಯಲ್ಲಿದ್ದ ಕುವೈತಿ ದಿನಾರ್ ಕಾಗದವಾಯಿತು. ಕೊನೆಗೆ ಬಸ್ಸು ಸಿಕ್ಕಿತು. ಬಸ್ರಾ, ಬಾಗ್ದಾದ್ ದಾಟಿ, ಜೋರ್ಡಾನ್ ಗಡಿಯ ಮರಳುಗಾಡಿನ ಡೇರೆಯಲ್ಲಿ ಹನ್ನೊಂದು ದಿನ ಕೂತು, ಅಮ್ಮಾನಿನಿಂದ ಏರ್ ಇಂಡಿಯಾ ವಿಮಾನದಲ್ಲಿ ಮುಂಬೈಗೆ ಬಂದ. ಆ ಸಲ 59 ದಿನಗಳಲ್ಲಿ ಏರ್ ಇಂಡಿಯಾ 488 ಸಲ ಹಾರಿ ಲಕ್ಷಕ್ಕೂ ಹೆಚ್ಚು ಜನರನ್ನು ತಂದಿತು. ಅಷ್ಟು ಜನರಲ್ಲಿ ನಮ್ಮ ಕಾಕಾನೂ ಒಬ್ಬ. ಮುಂಬೈಯಿಂದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಬಂದಿಳಿದಾಗ ಅವನ ಹತ್ತಿರ ಇದ್ದದ್ದು ಡೇರೆಯಲ್ಲಿ ಕೊಟ್ಟ ಒಂದು ಬೂದು ಕಂಬಳಿ ಮತ್ತು ಯಾರೂ ಮುಟ್ಟದ ದಿನಾರಿನ ಕಟ್ಟು.

ಅದೇ ಆಗಸ್ಟಿನಲ್ಲಿ ನಮ್ಮ ವಿದೇಶಾಂಗ ಮಂತ್ರಿ ಐ.ಕೆ. ಗುಜ್ರಾಲ್ ಬಾಗ್ದಾದಿಗೆ ಹೋಗಿದ್ದರು. ಸದ್ದಾಂ ಅವರನ್ನು ತಬ್ಬಿಕೊಂಡ ಫೋಟೋ ಜಗತ್ತಿನ ಪೇಪರುಗಳಲ್ಲೆಲ್ಲ ಬಂತು. ನಮ್ಮ ಜನರನ್ನು ಬಿಡಿಸಿಕೊಂಡು ಬರಬೇಕಿತ್ತು, ಮುಖ ಗಂಟಿಕ್ಕಿಕೊಂಡು ಹೋದರೆ ಆಗುತ್ತಿರಲಿಲ್ಲ ಎನ್ನುವುದು ಅಪ್ಪನ ವಾದ. ಕಾಕಾನಿಗೆ ಅದು ಕೊನೆಯವರೆಗೂ ಒಪ್ಪಿಗೆಯಾಗಲಿಲ್ಲ. "ನಾ ಮಳ್ಳಿನಾಗ ಮಲಗಿದ್ದೆ. ನಮ್ಮ ಮಂತ್ರಿ ಅವನ ಎದಿ ಮ್ಯಾಲ ಮಲಗಿದ್ದ" ಎನ್ನುತ್ತಿದ್ದ. ಅನ್ಯಾಯದ ಮಾತು. ಆ ಮಂತ್ರಿ ಹೋಗಿ ಬಂದದ್ದರಿಂದಲೇ ಕಾಕಾನಿಗೆ ಬಸ್ಸು ಸಿಕ್ಕಿದ್ದು ಅಂತ ನನಗೆ ಈಗಲೂ ಅನಿಸುತ್ತದೆ. ಆದರೆ ಮರಳಿನಲ್ಲಿ ಮಲಗಿದವನ ಮುಂದೆ ಇದನ್ನು ಹೇಳುವುದು ಹೇಗೆ?

ಅಣ್ಣ ತಮ್ಮಂದಿರ ಜಗಳ ಶುರುವಾದದ್ದು 1991ರಲ್ಲಿ. ಆ ಜನವರಿಯಲ್ಲಿ ಅಮೆರಿಕದ ಸೇನಾ ವಿಮಾನಗಳು ಮುಂಬೈ, ಚೆನ್ನೈ, ಆಗ್ರಾಗಳಲ್ಲಿ ಇಳಿದು ಎಣ್ಣೆ ತುಂಬಿಸಿಕೊಂಡು ಹೋದವು. ಚಂದ್ರಶೇಖರ್ ಸರ್ಕಾರ ಒಪ್ಪಿಗೆ ಕೊಟ್ಟಿತ್ತು. ದೊಡ್ಡ ಗದ್ದಲವೆದ್ದು ಫೆಬ್ರವರಿಯಲ್ಲಿ ಅದು ನಿಂತಿತು. ಅಪ್ಪನಿಗೆ ಸಿಟ್ಟು, ಎಣ್ಣೆ ಕೊಟ್ಟಿದ್ದು ಯಾಕೆ ಅಂತ. ಕಾಕಾನಿಗೂ ಸಿಟ್ಟು, ನಿಲ್ಲಿಸಿದ್ದು ಯಾಕೆ ಅಂತ. ನನಗಾಗ ಏಳು ವರ್ಷ. ಇಬ್ಬರೂ ಒಂದೇ ಚಹಾದ ಕಪ್ಪು ಅರ್ಧರ್ಧ ಮಾಡಿಕೊಂಡು ಕುಡಿಯುತ್ತ ಹೀಗೆ ಕೂಗಾಡುವುದು ಯಾಕೆ ಅಂತ ಗೊತ್ತಾಗುತ್ತಿರಲಿಲ್ಲ.

ಇನ್ನು ನನ್ನ ಪಾಲಿನ ಪಾಪದ ವಿಷಯ.

2003ರಲ್ಲಿ ನಾನು ಬಿಎ ಎರಡನೇ ವರ್ಷ. ಮಾರ್ಚಿನ ಮೊದಲ ವಾರ, ಯುದ್ಧ ಇನ್ನೂ ಶುರುವಾಗಿರಲಿಲ್ಲ. ಧಾರವಾಡದ ಒಂದು ಕಾಲೇಜಿನಲ್ಲಿ ಚರ್ಚಾಸ್ಪರ್ಧೆ. ವಿಷಯ, ಇರಾಕ್ ಮೇಲೆ ಯುದ್ಧ ನ್ಯಾಯವೇ? ಚೀಟಿ ಎತ್ತಿದರೆ ನನಗೆ 'ಪರ' ಬಂತು. ಸಭೆಯಲ್ಲಿದ್ದವರೆಲ್ಲ ವಿರೋಧ. ಫೆಬ್ರವರಿ 15ರಂದು ಲಂಡನ್, ರೋಮ್‌ಗಳಲ್ಲಿ ಲಕ್ಷಗಟ್ಟಲೆ ಜನ ಯುದ್ಧ ಬೇಡ ಎಂದು ಬೀದಿಗಿಳಿದಿದ್ದರು. ಅದರ ಗಾಳಿ ನಮ್ಮ ಕಾಲೇಜಿನ ಕಟ್ಟೆಗೂ ಬೀಸಿತ್ತು.

ಅಪ್ಪನನ್ನು ಕೇಳುವಂತಿರಲಿಲ್ಲ. ಹುಬ್ಬಳ್ಳಿಗೆ ಹೋಗಿ ಕಾಕಾನ ಅಂಗಡಿಯಲ್ಲಿ ಕೂತೆ. ದುರ್ಗದಬೈಲಿನ ಹತ್ತಿರ ಅವನದೊಂದು ಎಸ್‌ಟಿಡಿ ಬೂತ್ ಮತ್ತು ಝೆರಾಕ್ಸ್ ಅಂಗಡಿ. ಅವನು ಹೇಳುತ್ತಾ ಹೋದ, ನಾನು ಬರೆದುಕೊಳ್ಳುತ್ತಾ ಹೋದೆ. ಹಲಬ್ಜಾ ಎಂಬ ಊರಿನ ಹೆಸರು ನಾನು ಮೊದಲು ಕೇಳಿದ್ದು ಅಲ್ಲಿ. 1988ರ ಮಾರ್ಚಿನಲ್ಲಿ ಸದ್ದಾಂ ಸೇನೆ ಆ ಕುರ್ದರ ಊರಿನ ಮೇಲೆ ವಿಷಾನಿಲ ಹಾಕಿ ಸಾವಿರಾರು ಜನರನ್ನು ಕೊಂದಿತ್ತು. ಎಂಟು ವರ್ಷದ ಇರಾನ್ ಯುದ್ಧ ಆಯಿತು, ಕುವೈತ್ ಆಯಿತು. ಇಷ್ಟೂ ಖರೆ. ಇದನ್ನು ಯಾರೂ ಸುಳ್ಳು ಅನ್ನುವಂತಿರಲಿಲ್ಲ.

ಆದರೆ ಚಪ್ಪಾಳೆ ಬಿದ್ದದ್ದು ಇದಕ್ಕಲ್ಲ. ಫೆಬ್ರವರಿ 5ರಂದು ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕಾಲಿನ್ ಪೊವೆಲ್ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ಒಂದು ಪುಟ್ಟ ಸೀಸೆ ಎತ್ತಿ ತೋರಿಸಿದ್ದರು. ಇಷ್ಟೇ ಇಷ್ಟು ಆಂಥ್ರಾಕ್ಸ್ ಇದ್ದರೆ ಏನಾಗಬಹುದು ಎಂದು ಹೇಳಲು. ವಿಷದ ರೋಗಾಣು ತಯಾರಿಸುವ ಲ್ಯಾಬುಗಳನ್ನು ಸದ್ದಾಂ ಲಾರಿಗಳಲ್ಲಿ ಇಟ್ಟು ತಿರುಗಾಡಿಸುತ್ತಿದ್ದಾನೆ ಎಂದೂ ಹೇಳಿದ್ದರು. ನನಗೆ ಆ ಲಾರಿಗಳು ಬಹಳ ಹಿಡಿಸಿದವು. ವೇದಿಕೆಯ ಮೇಲೆ ನಿಂತು, "ಪಿ.ಬಿ. ರೋಡಿನಲ್ಲಿ ನಿಮ್ಮ ಪಕ್ಕ ಹೋಗುವ ಲಾರಿಯಲ್ಲಿ ಸಾವು ಕೂತಿದ್ದರೆ ನಿಮಗೆ ಗೊತ್ತಾಗುತ್ತದೆಯೇ?" ಎಂದೆ. ಸಭೆ ಗಪ್ಪಾಯಿತು. ತೀರ್ಪುಗಾರರೊಬ್ಬರು ಪೆನ್ನು ಕೆಳಗಿಟ್ಟದ್ದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ. ಮೊದಲ ಬಹುಮಾನ ನನಗೇ. ಒಂದು ಗೋಡೆ ಗಡಿಯಾರ.

ಮನೆಗೆ ತಂದು ತೋರಿಸಿದೆ. ಅಪ್ಪ ತಾನೇ ಮೊಳೆ ಹೊಡೆದು ನಡುಮನೆಯಲ್ಲಿ ತೂಗುಹಾಕಿದ. ಊಟಕ್ಕೆ ಕೂತಾಗ ಮಾತ್ರ ಕೇಳಿದ, "ಛಲೋ ಮಾತಾಡೀ ಬಿಡವಾ. ಆದ್ರ ಆ ಲಾರಿ ನೀ ನೋಡಿಯೇನು?"

"ನಾ ಹೆಂಗ ನೋಡ್ಲಿ?"

"ಅದನ್ನ ಹೇಳಿದಂವಾ ನೋಡ್ಯಾನೇನು?"

ನಾನು ಸುಮ್ಮನೆ ರೊಟ್ಟಿ ಮುರಿದೆ.

ಅಪ್ಪನ ವಾದ ಸರಳ. ಹ್ಯಾನ್ಸ್ ಬ್ಲಿಕ್ಸ್ ಎಂಬ ಸ್ವೀಡನ್ನಿನ ಹಿರಿಯರ ಕೈಕೆಳಗಿನ ವಿಶ್ವಸಂಸ್ಥೆಯ ತಂಡ ಇರಾಕಿನಲ್ಲಿ ಇಂಥ ಶಸ್ತ್ರಗಳನ್ನು ಹುಡುಕುತ್ತಿತ್ತು. ಕೆಲಸ ಮುಗಿಸಲು ಇನ್ನು ಕೆಲವು ತಿಂಗಳು ಬೇಕು ಎನ್ನುತ್ತಿದ್ದರು. ಕೊಡಲಿ. ಅಷ್ಟೇ. "ಐದು ಹಳ್ಳಿ ಕೇಳೂತನಕಾರ ತಡೀಬೇಕಲ್ಲೋ" ಎಂದು ಕಾಕಾನಿಗೆ ಹೇಳುತ್ತಿದ್ದ. ನಮ್ಮ ಅಜ್ಜಿಯ ಊರಿನಿಂದ ಗದಗಿನ ವೀರನಾರಾಯಣ ಗುಡಿ ದೂರವಿಲ್ಲ. ಕುಮಾರವ್ಯಾಸನ ಸೀಮೆಯವರಿಗೆ ಯುದ್ಧದ ಮಾತು ಬಂದರೆ ಉದ್ಯೋಗಪರ್ವ ಬಂದೇ ಬರುತ್ತದೆ. ಕಾಕಾನೂ ಅದೇ ಸೀಮೆಯವನು, ಸುಮ್ಮನಿರುತ್ತಾನೆಯೇ? "ಸಂಧಾನಕ್ಕ ಹೋದ ಕೃಷ್ಣಗೂ ಯುದ್ಧನ ಬೇಕಿತ್ತು. ನಿನಗ ಗೊತ್ತಿಲ್ಲೇನು?" ಎಂದ. ತಾನು ಅಮೆರಿಕದ ಬಗ್ಗೆ ಏನು ಒಪ್ಪಿಕೊಂಡೆ ಎಂದು ಅವನಿಗೆ ಹೊಳೆಯಲಿಲ್ಲ. ಅಪ್ಪನಿಗೆ ಹೊಳೆಯಿತು. ಮೀಸೆಯಲ್ಲೇ ನಕ್ಕ.

ಮಾರ್ಚ್ 20ಕ್ಕೆ ಯುದ್ಧ ಶುರುವಾಯಿತು. ಏಪ್ರಿಲ್ 8ರಂದು ನಮ್ಮ ಲೋಕಸಭೆ ಒಂದು ನಿರ್ಣಯ ಮಾಡಿತು. ಅದಕ್ಕೂ ಮುಂಚೆ ದಿನಗಟ್ಟಲೆ ಜಗಳ ನಡೆದದ್ದು ಒಂದು ಶಬ್ದಕ್ಕಾಗಿ. ವಿರೋಧ ಪಕ್ಷಗಳಿಗೆ ಗಟ್ಟಿ ಶಬ್ದ ಬೇಕು, ವಾಜಪೇಯಿ ಸರ್ಕಾರಕ್ಕೆ ಮೆತ್ತಗಿನದು. ಕೊನೆಗೆ ಹಿಂದಿಯಲ್ಲಿ 'ನಿಂದಾ' ಎಂದಾಯಿತು, ಇಂಗ್ಲಿಷಿನಲ್ಲಿ 'ಡಿಪ್ಲೋರ್' ಎಂದಾಯಿತು. ಒಂದು ಬೈಗುಳ, ಇನ್ನೊಂದು ನಿಟ್ಟುಸಿರು. ಅಮೆರಿಕದವರು ಇಂಗ್ಲಿಷ್ ಓದಿಕೊಳ್ಳಲಿ, ನಮ್ಮವರು ಹಿಂದಿ ಓದಿಕೊಳ್ಳಲಿ. ಅಪ್ಪ ಇದನ್ನು ವಾರಗಟ್ಟಲೆ ಹೇಳಿಕೊಂಡು ನಕ್ಕ. ಕನ್ನಡದಲ್ಲಾದರೆ ಖಂಡಿಸುವುದೋ, ವಿಷಾದಿಸುವುದೋ ಎಂದು ನನ್ನನ್ನೂ ಕೇಳಿದ. ನನ್ನ ಗಡಿಯಾರ ಮೇಲೆ ಟಿಕ್ ಟಿಕ್ ಎನ್ನುತ್ತಿತ್ತು. ನಾನು ಉತ್ತರ ಕೊಡಲಿಲ್ಲ. ಪೇಢಾ ಬಂದದ್ದು ನಿರ್ಣಯವಾದ ಎರಡೇ ದಿನಕ್ಕೆ.

ಆಮೇಲೆ ಒಂದು ವಿಚಿತ್ರ ನಡೆಯಿತು. ಬೇಸಿಗೆಯಲ್ಲಿ ಅಮೆರಿಕ ನಮ್ಮ ಸೈನಿಕರನ್ನೂ ಇರಾಕಿಗೆ ಕಳಿಸಿ ಎಂದು ಕೇಳಿತು. ಒಂದು ಡಿವಿಷನ್ನಿನಷ್ಟು, ಅಂದರೆ 15,000ಕ್ಕೂ ಜಾಸ್ತಿ ಜನ. ಅವ್ವನ ಅಕ್ಕನ ಮಗ ಆಗ ಬೆಳಗಾವಿಯಲ್ಲಿ ಮರಾಠಾ ರೆಜಿಮೆಂಟಿನಲ್ಲಿದ್ದ. ಅವ್ವನಿಗೆ ನಿದ್ದೆ ಹತ್ತಲಿಲ್ಲ. ಅದುವರೆಗೂ ಈ ಜಗಳದಲ್ಲಿ ಒಂದು ಮಾತೂ ಆಡದವಳು ಕಾಕಾನನ್ನು ಕೇಳಿದಳು, "ಕಳಸಬೇಕಂತೀರೇನು?"

"ಛೇ ಛೇ. ನಮ್ಮ ಹುಡುಗೂರು ಯಾಕ್ರಿ ವೈನಿ? ಅದು ಅವರ ಯುದ್ಧ" ಎಂದ ಕಾಕಾ.

ಅಪ್ಪ ಅವತ್ತು ಏನೂ ಹೇಳಲಿಲ್ಲ. ಹೇಳಬಹುದಿತ್ತು. ಮೂರು ತಿಂಗಳ ಹಿಂದೆ ಪೇಢಾ ಹಂಚಿದವನಿಗೆ ಈಗ ಅದು ಅವರ ಯುದ್ಧ ಆಯಿತಲ್ಲ ಎಂದು. ಜುಲೈ 14ರಂದು ಸರ್ಕಾರ ಇಲ್ಲ ಎಂದಿತು, ವಿಶ್ವಸಂಸ್ಥೆಯ ಆದೇಶವಿಲ್ಲದೆ ಕಳಿಸುವುದಿಲ್ಲ ಎಂದು. ಇಬ್ಬರೂ ಒಪ್ಪಿದ ಒಂದೇ ಸಂಗತಿ ಅದು.

ಉಳಿದದ್ದು ನಿಧಾನಕ್ಕೆ ಬಂತು. 2004ರಲ್ಲಿ ಅಮೆರಿಕದವರೇ ಹುಡುಕಿ ಹುಡುಕಿ, ಆ ಶಸ್ತ್ರಗಳ ದಾಸ್ತಾನು ಇರಲೇ ಇಲ್ಲ ಎಂದರು. ಲಾರಿಗಳ ಕಥೆ ಹೇಳಿದವನು ಜರ್ಮನಿಯಲ್ಲಿ ಆಶ್ರಯ ಪಡೆದಿದ್ದ ಒಬ್ಬ ಇರಾಕಿ ಇಂಜಿನಿಯರ್. 2011ರಲ್ಲಿ ತಾನೇ ಒಪ್ಪಿಕೊಂಡ, ಸುಳ್ಳು ಹೇಳಿದ್ದೆ ಎಂದು. ಸದ್ದಾಂನನ್ನು ಕೆಡವಬೇಕಿತ್ತು, ಅದಕ್ಕೆ ಹೇಳಿದೆ ಎಂದ. ಅವನೂ ಚೀಟಿಯಲ್ಲಿ 'ಪರ' ಬಂದ ಹುಡುಗಿಯ ಹಾಗೆಯೇ. ಮೊದಲು ಪಕ್ಷ, ಆಮೇಲೆ ಪುರಾವೆ. 2016ರ ಜುಲೈನಲ್ಲಿ, ಈ ಯುದ್ಧಕ್ಕೆ ಬ್ರಿಟನ್ ಇಳಿದದ್ದರ ವಿಚಾರಣೆ ಮಾಡಿದ ಚಿಲ್ಕಾಟ್ ಸಮಿತಿ ವರದಿ ಕೊಟ್ಟಿತು. ಶಾಂತಿಯ ದಾರಿಗಳು ಮುಗಿಯುವ ಮೊದಲೇ ಯುದ್ಧಕ್ಕೆ ಇಳಿದರು, ಅದು ಕೊನೆಯ ದಾರಿ ಆಗಿರಲಿಲ್ಲ ಎಂದಿತು. 26 ಲಕ್ಷ ಶಬ್ದಗಳ ವರದಿ. ಅಪ್ಪ ಊಟದ ತಟ್ಟೆಯ ಮುಂದೆ ಕೂತು ಕೇಳಿದ ಒಂದು ಸಾಲಿನ ಪ್ರಶ್ನೆ ನೆನಪಾಯಿತು. ಅಷ್ಟೊತ್ತಿಗೆ ಅಪ್ಪ ಇರಲಿಲ್ಲ.

ಯುದ್ಧ ತಪ್ಪು ಎನ್ನುವುದರಲ್ಲಿ ನನಗೆ ಈಗ ಅನುಮಾನವಿಲ್ಲ. ಆದರೂ ಅಪ್ಪ ಗೆದ್ದ ಎಂದು ಬರೆಯಲು ಕೈ ಬರುವುದಿಲ್ಲ. ಅದಕ್ಕೆ ಕಾರಣ 2004ರ ಒಂದು ಸಂಜೆ.

ಅಬು ಘ್ರೈಬ್ ಜೈಲಿನ ಫೋಟೋಗಳು ಬಂದಿದ್ದ ದಿನಗಳು. ಕೈದಿಗಳನ್ನು ಬೆತ್ತಲೆ ಮಾಡಿ ರಾಶಿ ಹಾಕಿ, ಪಕ್ಕದಲ್ಲಿ ನಗುತ್ತಾ ನಿಂತ ಸೈನಿಕರು. ಅಪ್ಪ ಪೇಪರನ್ನು ಕಾಕಾನ ಮುಂದೆ ಎಸೆದ. ಕಾಕಾ, "ಅಂವಾ ಇದ್ದಾಗ ಇದಕ್ಕಿಂತ ಭಾಳ ನಡದಿತ್ತು" ಎಂದ. ಅದೂ ಸುಳ್ಳಲ್ಲ. ಆದರೆ ಅವತ್ತು ಹೇಳಬಾರದ ಮಾತು. ಅಪ್ಪನಿಗೆ ತಡೆಯಲಾಗಲಿಲ್ಲ.

"ನಿನ್ನ ಝೆರಾಕ್ಸ್ ಮಷಿನ್ ಯಾರ ರೊಕ್ಕದಾಗ ಬಂತು ಹೇಳಲೇನು?"

ಇದರ ಹಿಂದಿನ ಕಥೆ ಹೇಳಲೇಬೇಕು. ಕುವೈತಿನಿಂದ ಓಡಿಬಂದವರಿಗೆ ಪರಿಹಾರ ಕೊಡಲು ವಿಶ್ವಸಂಸ್ಥೆ ಒಂದು ಆಯೋಗ ಮಾಡಿತ್ತು. ಒಬ್ಬೊಬ್ಬರಿಗೆ 2,500 ಡಾಲರ್, ಬೇರೆ ಯಾವ ಪರಿಹಾರವನ್ನೂ ಕೇಳುವುದಿಲ್ಲ ಎಂದು ಬರೆದುಕೊಟ್ಟರೆ 4,000. ಕಾಕಾ ಬರೆದುಕೊಟ್ಟ. ತೊಂಬತ್ತರ ದಶಕದ ಕೊನೆಯಲ್ಲಿ ಎರಡು ಕಂತಾಗಿ ದುಡ್ಡು ಬಂತು. ಅವತ್ತಿನ ಲೆಕ್ಕಕ್ಕೆ ಒಂದೂವರೆ ಲಕ್ಷ ರೂಪಾಯಿಯ ಆಸುಪಾಸು. ಅದರಲ್ಲೇ ಆ ಮಷಿನ್ ಬಂದದ್ದು.

ಆ ದುಡ್ಡು ಬಂದದ್ದು ಇರಾಕಿನ ಎಣ್ಣೆಯಿಂದ. 1990ರಿಂದ ಇರಾಕಿನ ಮೇಲೆ ನಿರ್ಬಂಧವಿತ್ತು. ಎಣ್ಣೆ ಮಾರುವಂತಿಲ್ಲ, ಬೇಕಾದ್ದನ್ನು ತರುವಂತಿಲ್ಲ. ಜನ ಹೈರಾಣಾದರು. 1996ರ ಕೊನೆಗೆ, ಎಣ್ಣೆ ಮಾರಿ ಆಹಾರ, ಔಷಧಿ ತರಿಸಿಕೊಳ್ಳಲು ಬಿಟ್ಟರು. ಆದರೆ ಮಾರಿದ ಪ್ರತಿ 100 ಡಾಲರಿನಲ್ಲಿ 30 ಡಾಲರ್ ಮೊದಲು ಈ ಪರಿಹಾರದ ಗಂಟಿಗೆ ಹೋಗಬೇಕು. ನಿರ್ಬಂಧದಿಂದ ಮಕ್ಕಳು ಸಾಯುತ್ತಿದ್ದಾರೆ ಎಂದು ಬಾಗ್ದಾದಿನಲ್ಲಿದ್ದ ವಿಶ್ವಸಂಸ್ಥೆಯ ಅಧಿಕಾರಿ ಡೆನಿಸ್ ಹ್ಯಾಲಿಡೇ 1998ರಲ್ಲಿ ಕೆಲಸ ಬಿಟ್ಟರು. ಅಪ್ಪ ಆ ಸುದ್ದಿಯನ್ನು ಪೇಪರಿನಿಂದ ಕತ್ತರಿಸಿ ಇಟ್ಟಿದ್ದ. ಆರು ವರ್ಷ ಇಟ್ಟುಕೊಂಡು ಸುಮ್ಮನಿದ್ದ. ಅವತ್ತು ಹೊರಗೆ ತೆಗೆದ. "ಅಲ್ಲಿ ಹುಡುಗೂರಿಗೆ ಹಾಲಿನ ಪುಡಿ ಇರಲಿಲ್ಲ. ಆ ರೊಕ್ಕದಾಗ ನೀ ಹುಬ್ಬಳ್ಳ್ಯಾಗ ಝೆರಾಕ್ಸ್ ತೆಗಿಯಾಕತ್ತಿದ್ದಿ."

ಕಾಕಾ ಎದ್ದು ನಿಂತ. ಚಪ್ಪಲಿ ಮೆಟ್ಟಿಕೊಳ್ಳುವಾಗ ಒಂದೇ ಮಾತು ಹೇಳಿದ, "ನಾ ಎಂಟ ವರ್ಷ ದುಡದದ್ದು ಯಾರ ಕೊಡಬೇಕಿತ್ತಣ್ಣಾ?"

ಗಣೇಶ ಚೌತಿಯವರೆಗೂ ಅವನು ನಮ್ಮ ಮನೆಗೆ ಬರಲಿಲ್ಲ. ಅಪ್ಪನೇ ಹೋಗಿ ಕರೆದುಕೊಂಡು ಬಂದ. ಏನು ಮಾತಾಡಿಕೊಂಡರೋ ಗೊತ್ತಿಲ್ಲ. ಇರಾಕಿನ ಮಾತು ಆಮೇಲೆ ನಮ್ಮ ಮನೆಯಲ್ಲಿ ಬರಲೇ ಇಲ್ಲ. 2006ರ ಡಿಸೆಂಬರ್ 30ರಂದು ಸದ್ದಾಂನನ್ನು ಗಲ್ಲಿಗೇರಿಸಿದಾಗ ಪೇಢಾ ಬರಲಿಲ್ಲ.

ಅಪ್ಪ ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಆದರೂ ಆ ಮಾತು ಆಡಬಾರದಿತ್ತು ಎಂದೇ ನನಗನಿಸುತ್ತದೆ. ಇರಾಕಿನ ಮಕ್ಕಳ ಹಾಲು ಕಸಿದವರು ದುರ್ಗದಬೈಲಿನಲ್ಲಿ ಇರಲಿಲ್ಲ. ದೊಡ್ಡವರು ಬರೆದ ಲೆಕ್ಕವನ್ನು ಅಪ್ಪ ಕೈಗೆ ಸಿಕ್ಕ ತಮ್ಮನ ತಲೆಗೆ ಕಟ್ಟಿದ.

ಈಗ ಯೋಚಿಸಿದರೆ, ಇಬ್ಬರೂ ಜಗಳಾಡುತ್ತಿದ್ದದ್ದು ಒಂದೇ ಯುದ್ಧದ ಬಗ್ಗೆ ಆಗಿರಲಿಲ್ಲ. ಅಪ್ಪನ ಯುದ್ಧ 2003ರ ಮಾರ್ಚ್ 20ಕ್ಕೆ ಶುರುವಾಗಿತ್ತು, ಒಂದು ಸುಳ್ಳಿನಿಂದ. ಕಾಕಾನ ಯುದ್ಧ 1990ರ ಆಗಸ್ಟ್ 2ಕ್ಕೆ ಶುರುವಾಗಿತ್ತು, ಹಾಲು ತರಲು ಹೋದಾಗ. ಅವನಿಗೆ ಮಧ್ಯದ ಹದಿಮೂರು ವರ್ಷ ಬರೀ ಕಾಯುವಿಕೆ. ಶಸ್ತ್ರ ಇತ್ತೋ ಇಲ್ಲವೋ ಎನ್ನುವುದು ಅವನ ಪ್ರಶ್ನೆಯೇ ಅಲ್ಲ. ಬಾಗ್ದಾದಿನ ಒಬ್ಬ ತಾಯಿಯನ್ನು ಕೇಳಿದರೆ ಮೂರನೆಯದೇ ತಾರೀಖು ಹೇಳಿಯಾಳು. ಅವಳನ್ನು ನಮ್ಮ ನಡುಮನೆಯಲ್ಲಿ ಯಾರೂ ಕೇಳಲಿಲ್ಲ. ಚರ್ಚಾಸ್ಪರ್ಧೆಯಲ್ಲಿ ನಾನೂ ಕೇಳಲಿಲ್ಲ.

2022ರ ಜನವರಿಯಲ್ಲಿ ಇರಾಕ್ ಆ ಪರಿಹಾರದ ಕೊನೆಯ ಕಂತು ಕಟ್ಟಿತು. ಒಟ್ಟು 5,240 ಕೋಟಿ ಡಾಲರ್. ಸದ್ದಾಂ ಸತ್ತು 15 ವರ್ಷವಾದ ಮೇಲೂ ಅವನ ಸಾಲ ಜನ ತೀರಿಸುತ್ತಿದ್ದರು. ಮೊಬೈಲಿನಲ್ಲಿ ಸುದ್ದಿ ನೋಡಿ ಕಾಕಾನಿಗೆ ಹೇಳಿದೆ. ಅಂಗಡಿಯಲ್ಲಿ ಮಗ ಕೂಡುತ್ತಾನೆ, ಕಾಕಾ ಹೊತ್ತು ಕಳೆಯಲು ಬಂದು ಕುರ್ಚಿಯಲ್ಲಿ ಕೂತಿರುತ್ತಾನೆ. ಎಸ್‌ಟಿಡಿ ಬೂತ್ ಎಂದೋ ಹೋಯಿತು. ಹಳೆಯ ಮಷಿನ್ನೂ ಹೋಗಿ ಹೊಸದು ಬಂದಿದೆ.

"ಇಷ್ಟ ದಿನ ಕಟ್ಟಾಕತ್ತಿದ್ರೇನು?" ಎಂದ. ಸ್ವಲ್ಪ ಹೊತ್ತು ಬಿಟ್ಟು, "ನಿಮ್ಮಪ್ಪಗ ಗೊತ್ತಿತ್ತೇನು?" ಎಂದ.

ಮುಂದಿನ ತಿಂಗಳು 24ಕ್ಕೆ ರಷ್ಯಾ ಉಕ್ರೇನಿನ ಮೇಲೆ ನುಗ್ಗಿತು. ಮಾರ್ಚ್ 1ರಂದು ಖಾರ್ಕಿವ್ ನಗರದಲ್ಲಿ ಹಾವೇರಿ ಜಿಲ್ಲೆಯ ಒಬ್ಬ ವೈದ್ಯಕೀಯ ವಿದ್ಯಾರ್ಥಿ ಶೆಲ್ ದಾಳಿಗೆ ಸತ್ತ. ಇಡೀ ಸೀಮೆಯೇ ಕಂಗಾಲಾಯಿತು. ಮರುದಿನ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯಲ್ಲಿ 141 ದೇಶಗಳು ರಷ್ಯಾದ ವಿರುದ್ಧ ಮತ ಹಾಕಿದವು, ಭಾರತ ಸೇರಿ 35 ದೇಶಗಳು ತಟಸ್ಥವಾಗಿ ಉಳಿದವು. ಹಾಗಾಗಿ ಹುಬ್ಬಳ್ಳಿಯಲ್ಲಿ ಜಗಳಕ್ಕೆ ಬರವಿರಲಿಲ್ಲ. ಉಣಕಲ್ ಕೆರೆಯ ವಾಕಿಂಗಿನಲ್ಲಿ ಅದೇ, ಚಹಾದಂಗಡಿಯಲ್ಲಿ ಅದೇ. ಒಬ್ಬರು ಉಕ್ರೇನಿನ ಕ್ರಿಮಿಯಾವನ್ನು ರಷ್ಯಾ ಕಿತ್ತುಕೊಂಡ 2014ರಿಂದ ಎಣಿಸುತ್ತಿದ್ದರು. ಇನ್ನೊಬ್ಬರು ಸೋವಿಯತ್ ಒಡೆದ 1991ರಿಂದ, ಮಗದೊಬ್ಬರು ಅಮೆರಿಕ, ಯುರೋಪುಗಳ ಸೇನಾಕೂಟವಾದ ನೇಟೋ ಪೂರ್ವಕ್ಕೆ ಬೆಳೆದ ವರ್ಷಗಳಿಂದ. ಬಾಂಗ್ಲಾ ಯುದ್ಧದಲ್ಲಿ ರಷ್ಯಾ ನಮಗೆ ಆದದ್ದನ್ನು ನೆನೆಸಿಕೊಂಡು 1971ರಿಂದ ಎಣಿಸುವವರೂ ಇದ್ದರು.

ಆ ವಾರ ನಾನು ಅಂಗಡಿಯಲ್ಲೇ ಇದ್ದೆ. ಹೊರಗೆ ಕಟ್ಟೆಯ ಮೇಲೆ ನಾಲ್ಕು ಜನ ಇದೇ ವಾದ ಹಚ್ಚಿದ್ದರು. ಹಳ್ಳಿಯ ಕಡೆಯವರೊಬ್ಬರು ಒಳಗೆ ಬಂದರು. ಮಗಳು ಅಲ್ಲಿ ಓದುತ್ತಿದ್ದಾಳೆ, ಅರ್ಜಿಯ ಜೊತೆ ಕೊಡಬೇಕು ಎಂದು ಅವಳ ಪಾಸ್‌ಪೋರ್ಟಿನ ಮಾಸಲು ಝೆರಾಕ್ಸನ್ನು ಮತ್ತೆ ಝೆರಾಕ್ಸ್ ಮಾಡಿಸಲು ತಂದಿದ್ದರು. ಕೈ ನಡುಗುತ್ತಿತ್ತು. ಕಾಕಾ ಕುರ್ಚಿಯಿಂದ ಎದ್ದು, ಮಗನನ್ನು ಸರಿಸಿ, ತಾನೇ ಮಷಿನ್ನಿನ ಮುಂದೆ ನಿಂತ. ಮೊದಲ ಪ್ರತಿಯಲ್ಲಿ ನಂಬರ್ ಸರಿ ಮೂಡಲಿಲ್ಲ. ಕಪ್ಪು ಜಾಸ್ತಿ ಮಾಡಿ ಇನ್ನೊಂದು ತೆಗೆದ.

"ಬಾರ್ಡರ್ ತನಕಾ ಬಸ್ ಐತಂತೇನ್ರಿ?" ಎಂದು ಕೇಳಿದ.

"ರೈಲು ಅಂತಾರ್ರಿ. ನಿಂದರಾಕೂ ಜಾಗಾ ಇಲ್ಲಂತ."

"ಫೋನ್ ಹತ್ತಿದ್ರ ಒಂದ್ ಮಾತ್ ಹೇಳ್ರಿ. ಪಾಸ್‌ಪೋರ್ಟ್ ಬ್ಯಾಗಿನಾಗ ಇಡಬ್ಯಾಡ ಅನ್ರಿ. ಬ್ಯಾಗ್ ಬಿಟ್ಟ ಓಡೂ ಹೊತ್ತು ಬರ್ತೇತಿ. ಮೈಗೆ ಕಟ್ಕೋ ಅನ್ರಿ. ಮತ್ತ ಕಂಬಳಿ ಯಾರರ ಕೊಟ್ರ ಬ್ಯಾಡ ಅನಬಾರದು ಅನ್ರಿ."

ಅವರು ಅದನ್ನೆಲ್ಲ ಪ್ರತಿಯ ಹಿಂದೆ ಪೆನ್ನಿನಿಂದ ಬರೆದುಕೊಂಡರು. ಹೊರಗೆ ನೇಟೋ ಮಾತು ಇನ್ನೂ ನಡೆದಿತ್ತು.